ಕೂತವರ ನಗು

ಇವತ್ತೂ ಸಭೆಯಲ್ಲಿ ನನ್ನ ಹೊಟ್ಟೆ ಮಾತಾಡಿತು. ನಾನು ಮಾತಾಡಲಿಲ್ಲ.

ಡೈರಿಯಲ್ಲಿ ಇಷ್ಟು ಬರೆದು ಅವಳು ಪೆನ್ನಿನ ಹಿಂಬದಿ ಕಚ್ಚುತ್ತಾ ಕೂತಳು. ಕೆಲಸಕ್ಕೆ ಸೇರಿದ ದಿನದಿಂದ ಅವಳನ್ನು ತಿನ್ನುತ್ತಿದ್ದ ಚಿಂತೆ ಇದು. ಬೆಳಗ್ಗೆ ಅಮ್ಮನ ಜೊತೆ ಬೇಗ ತಿಂದು ಹೊರಡುತ್ತಿದ್ದಳು; ಸಭೆಯ ಹೊತ್ತಿಗೆ ಹೊಟ್ಟೆ ಖಾಲಿ. ಎಲ್ಲರೂ ಮಾತು ನಿಲ್ಲಿಸಿ ಯೋಚಿಸುವ ಗಳಿಗೆಯನ್ನೇ ಕಾದಿದ್ದು ಅದು ಗುರ್ರೆನ್ನುತ್ತಿತ್ತು. ಇವತ್ತಂತೂ ಸಾಹೇಬರು "ಯಾರಾದ್ರೂ ಏನಾದ್ರೂ ಹೇಳೋದಿದೆಯಾ?" ಎಂದು ಕೇಳಿದ ಬೆನ್ನಿಗೇ ಗುರ್ರೆಂದಿತು. ಸಾಹೇಬರು ಕನ್ನಡಕ ಏರಿಸಿಕೊಂಡು, "ಮೂಲೆ ಮೇಡಂ ಏನೋ ಅಂದ್ರು?" ಎಂದರು. ಅವಳು ತಲೆಯಾಡಿಸಿದಳು. ಆಡಿಸಿದ್ದು ಹೌದೆಂದೋ ಇಲ್ಲವೆಂದೋ ಅವಳಿಗೇ ತಿಳಿಯಲಿಲ್ಲ. ಎಲ್ಲರೂ ನಕ್ಕರು.

ಮೂಲೆ ಮೇಡಂ ಅಂದರೆ ಅವಳೇ. ಮೂಲೆಯ ಮೇಜು ಅವಳದು, ಅದಕ್ಕೆ ಆ ಹೆಸರು. ರಾಜ್ಯಶಾಸ್ತ್ರದಲ್ಲಿ ಡಿಗ್ರಿ ಮಾಡಿದ್ದಳು. ಬರೆದ ಪರೀಕ್ಷೆಯಲ್ಲೆಲ್ಲ ಮೊದಲಿಗಳು, ಬಾಯಿ ಬಿಡಬೇಕಾದ ಪರೀಕ್ಷೆಯಲ್ಲಿ ಕೊನೆಯವಳು. ಸೇರಿದ ಕಚೇರಿಯೂ ವಿಚಿತ್ರವೇ. ಕಂಪನಿಗಳ ರಾಜಕೀಯ ತೂಗುವ ಕಚೇರಿ ಅದು. ಆ ಊರಲ್ಲಿ ಎರಡು ಪಕ್ಷ: ಛತ್ರಿ ಪಕ್ಷ, ಬಾಚಣಿಗೆ ಪಕ್ಷ. ಜನ ಈಚೆಗೆ ಅಂಗಡಿಗೆ ಹೋದರೆ ಸೋಪಿನ ಬೆಲೆ ಕೇಳುವ ಮೊದಲು ಅದು ಯಾರ ಕಡೆಯ ಸೋಪು ಎಂದು ಕೇಳತೊಡಗಿದ್ದರು. ಹೀಗಾಗಿ ದೊಡ್ಡ ಕಂಪನಿಗಳಿಗೆಲ್ಲ "ನಾವು ಯಾರ ಕಡೆಯವರೂ ಅಲ್ಲ" ಎಂಬ ಸರ್ಟಿಫಿಕೇಟು ಬೇಕಾಯಿತು. ಸಾಹೇಬರು ತಕ್ಕಡಿ ಹಿಡಿದು ಅಂಗಡಿ ತೆರೆದರು. ಮಾತುಮಾತಿಗೆ "ಸಮತೋಲನ, ಸಮತೋಲನ" ಎನ್ನುತ್ತಿದ್ದರಿಂದ ಅವರನ್ನು ಹಿಂದಿನಿಂದ ಎಲ್ಲರೂ ತಕ್ಕಡಿ ಸಾಹೇಬರೆನ್ನುತ್ತಿದ್ದರು.

ಈ ಸಲ ತೂಕಕ್ಕೆ ಬಂದದ್ದು ಸೋಪಿನ ಕಂಪನಿ. ಸೋಪು ಅಂದರೆ ಸೋಪೊಂದೇ ಅಲ್ಲ. ಹಲ್ಲಿಗೆ ಪೇಸ್ಟು, ಬಟ್ಟೆಗೆ ಪುಡಿ, ತಲೆಗೆ ಎಣ್ಣೆ, ಮಕ್ಕಳಿಗೆ ಬಿಸ್ಕತ್ತು. ಬೆಳಗ್ಗೆ ಎದ್ದವರು ರಾತ್ರಿ ಮಲಗುವ ತನಕ ಆ ಕಂಪನಿಯ ಕೈಯಲ್ಲೇ ಇರುತ್ತಿದ್ದರು. ಅಷ್ಟು ದೊಡ್ಡ ಆನೆ ಯಾವ ಕಡೆ ವಾಲಿದೆ ಎಂದು ನೋಡುವ ಕೆಲಸ ಕಚೇರಿಯ ಇನ್ನೊಬ್ಬನಿಗೆ ಬಿತ್ತು. ಅವನ ಹೆಸರು ಬಣ್ಣ. ಸರಕಿನ ಹೊದಿಕೆಯ ಬಣ್ಣ ನೋಡಿ ಪಕ್ಷ ಹೇಳುವುದು ಅವನ ವಿದ್ಯೆ. ಛತ್ರಿಯವರ ಬಾವುಟ ನೀಲಿ, ಬಾಚಣಿಗೆಯವರದು ಹಳದಿ. ಬಟ್ಟೆ ಪುಡಿಯ ಪೊಟ್ಟಣ ನೀಲಿ, ಅದು ಛತ್ರಿ ಕಡೆ. ನಿಂಬೆ ಸೋಪು ಹಳದಿ, ಅದು ಬಾಚಣಿಗೆ ಕಡೆ. ಪೇಸ್ಟು ಹಸಿರು. ಹಸಿರು ಯಾರ ಪಕ್ಷದ್ದೂ ಅಲ್ಲ. ಬಣ್ಣ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ, "ಸರ್! ನೀಲಿಗೆ ಹಳದಿ ಬೆರೆಸಿದ್ರೆ ಹಸಿರು! ಮೈತ್ರಿ ಸರ್, ಮೈತ್ರಿ!" ಎಂದು ಕೂಗುತ್ತಾ ಓಡಿ ಬಂದ. ತಕ್ಕಡಿ ಸಾಹೇಬರು ಅವನ ಬೆನ್ನು ತಟ್ಟಿದರು.

ಇದನ್ನೆಲ್ಲ ಅವಳು ಮನೆಗೆ ಬಂದು ಹೇಳುತ್ತಿರಲಿಲ್ಲ. ಯಾಕೆಂದರೆ ಮನೆಯಲ್ಲಿದ್ದವರು ಅದೇ ನಿಂಬೆ ಸೋಪನ್ನು ಡಬ್ಬಿಗೆ ತುಂಬುವವರು.

ಅಮ್ಮ ಮತ್ತು ಚಿಕ್ಕಮ್ಮ ಇಬ್ಬರೂ ಕಂಪನಿಯ ಪ್ಯಾಕಿಂಗ್ ಸಾಲಿನಲ್ಲಿ ದುಡಿಯುತ್ತಿದ್ದರು. ಬೆಲ್ಟಿನ ಮೇಲೆ ಸೋಪು ಸಾಲಾಗಿ ಬರುತ್ತದೆ. ಹೆಂಗಸರು ಎರಡೂ ಬದಿಗೆ ನಿಂತು ಎತ್ತಬೇಕು, ಹರಿದ ಹೊದಿಕೆಯದನ್ನು ಆಚೆ ಎಸೆಯಬೇಕು, ಉಳಿದದ್ದನ್ನು ಡಬ್ಬಿಗೆ ಜೋಡಿಸಿ ಟೇಪು ಎಳೆಯಬೇಕು. ಬೆಲ್ಟು ನಿಲ್ಲುವುದಿಲ್ಲ. ಹೆಂಗಸರು ನಿಂತೇ ಇರುತ್ತಾರೆ. ಬೆಳಗ್ಗೆ ನಿಂತರೆ ಸಂಜೆಯವರೆಗೆ. ಬಸುರಿ ನಿಲ್ಲುತ್ತಾಳೆ, ಜ್ವರದವಳು ನಿಲ್ಲುತ್ತಾಳೆ, ಮುಟ್ಟಾದವಳು ನಿಲ್ಲುತ್ತಾಳೆ. ಅಮ್ಮನ ಮೀನಖಂಡದಲ್ಲಿ ನರಗಳು ಗಂಟುಗಟ್ಟಿ ನೀಲಿಯಾಗಿ ಎದ್ದಿದ್ದವು. ಬಣ್ಣ ನೋಡಿದ್ದರೆ ಛತ್ರಿ ಪಕ್ಷ ಎನ್ನುತ್ತಿದ್ದ.

ಅಮ್ಮ ಒಮ್ಮೆ ತಲೆಸುತ್ತಿ ಖಾಲಿ ಡಬ್ಬಿಯ ಮೇಲೆ ಕೂತಿದ್ದಳು. ಸಾಲಿನ ಮೇಲ್ವಿಚಾರಕ ಓಡಿ ಬಂದು ಅವಳ ಕಿವಿಯ ಪಕ್ಕದಲ್ಲೇ ಶಿಳ್ಳೆ ಊದಿದ್ದ. ಕೊರಳಲ್ಲಿ ಸದಾ ಒಂದು ಶಿಳ್ಳೆ ತೂಗುತ್ತಿದ್ದುದರಿಂದ ಅವನ ಹೆಸರೇ ಶಿಳ್ಳೆ. "ಇದೇನು ನಿಮ್ಮಪ್ಪನ ಮನೆ ಜಗಲೀನಾ?" ಎಂದು ಅವನು ಎಲ್ಲರ ಎದುರಿಗೆ ಕೇಳಿದ. ಬಳಿಕ ಅವಳನ್ನು ಬಾಗಿಲ ಬಳಿ ಗೋಡೆಗೆ ಮುಖ ಮಾಡಿಸಿ ನಿಲ್ಲಿಸಿದ. ಡಿಗ್ರಿ ಮಾಡಿದ ಮಗಳಿರುವ ಹೆಂಗಸು ಮಗ್ಗಿ ತಪ್ಪಿದ ಹುಡುಗಿಯ ಹಾಗೆ ನಿಂತಳು. ಅಮ್ಮ ಅದನ್ನು ಮನೆಯಲ್ಲಿ ಹೇಳಲಿಲ್ಲ. ಹೇಳಿದ್ದು ಚಿಕ್ಕಮ್ಮ, ಹಲ್ಲು ಕಡಿಯುತ್ತಾ.

ಮಾರನೆಯ ದಿನವೇ ಚಿಕ್ಕಮ್ಮ ಎಲ್ಲ ಹೆಂಗಸರನ್ನು ಕಟ್ಟಿಕೊಂಡು ಫ್ಯಾಕ್ಟರಿಯ ಆಫೀಸಿಗೆ ಹೋದಳು. ಕೇಳಿದ್ದು ಇಷ್ಟೇ, ಸಾಲಿಗೆ ಸ್ಟೂಲು ಹಾಕಿಸಿ. ಬೆನ್ನಿಗೆ ಆಸರೆ ಬೇಡ, ಮೆತ್ತೆ ಬೇಡ, ಕುಂಡೆ ಊರೋಕೆ ಒಂದು ಹಲಗೆ ಸಾಕು.

ಶಿಳ್ಳೆ ಕಣ್ಣು ಕೆಂಪಗೆ ಮಾಡಿದ. "ಸ್ಟೂಲ್ ಕೇಳೋದು ರಾಜಕೀಯ. ನಮ್ಮ ಕಂಪನೀಲಿ ರಾಜಕೀಯ ಇಲ್ಲ."

"ಸ್ಟೂಲು ರಾಜಕೀಯ ಆದ್ರೆ, ನೀನು ಕೂತಿರೋ ಆ ಕುರ್ಚಿ ಏನಪ್ಪಾ, ಸಂನ್ಯಾಸಾನಾ?" ಎಂದಳು ಚಿಕ್ಕಮ್ಮ.

ಅವತ್ತಿನಿಂದ ಚಿಕ್ಕಮ್ಮನ ಮೇಲೆ ಕಂಪನಿಯ ಕಣ್ಣು ಬಿತ್ತು.

ಅಷ್ಟರಲ್ಲಿ ಚುನಾವಣೆ ಬಂತು. ರಾಜಕೀಯವಿಲ್ಲದ ಕಂಪನಿ ಗೇಟಿನ ಮುಂದೆ ಬಸ್ಸುಗಳನ್ನು ತಂದು ನಿಲ್ಲಿಸಿತು. ಒಂದು ದಿನ ಬಾಚಣಿಗೆಯವರ ಸಭೆಗೆ, ಇನ್ನೊಂದು ದಿನ ಛತ್ರಿಯವರ ಸಭೆಗೆ. ಯಾರು ಗೆದ್ದರೂ ನಮ್ಮವರೇ ಇರಲಿ ಎಂದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮೈದಾನ ತುಂಬಿಸಲು ಪ್ಯಾಕಿಂಗ್ ಸಾಲಿನ ಹೆಂಗಸರನ್ನು ಹತ್ತಿಸಿದರು. ಬರುವುದಿಲ್ಲ ಎಂದವಳಿಗೆ ಗೈರುಹಾಜರಿ. ತಲೆಯ ಮೇಲೆ ಕಂಪನಿಯ ಟೋಪಿ, ಕೈಗೆ ಸಭೆಗೆ ತಕ್ಕಂತೆ ಬಾವುಟ.

ಬಾಚಣಿಗೆ ಸಭೆಯಿಂದ ಮರಳಿದ ಸಂಜೆ ಮನೆಯಲ್ಲಿ ಹಬ್ಬ. ಎಂದಿನಂತೆ ಅಮ್ಮ ಚಿಕ್ಕಮ್ಮ ಇಬ್ಬರೂ ಒಂದೇ ಬಕೆಟ್ಟಿನ ಬಿಸಿನೀರಿಗೆ ಕಾಲಿಳಿಸಿ ಕೂತರು. ಅವತ್ತು ಕಾಲು ಊದಿರಲಿಲ್ಲ, ಹಾಗಾಗಿ ನಾಲ್ಕೂ ಪಾದ ಸಲೀಸಾಗಿ ಹಿಡಿಸಿದವು.

"ಪುಟ್ಟೀ, ಬಾ ಇಲ್ಲಿ, ಕೇಳು," ಚಿಕ್ಕಮ್ಮ ಕೈ ಬೀಸಿದಳು. "ಆ ಮೈದಾನದಲ್ಲಿ ಕುರ್ಚಿ ಇದ್ವು ಕಣೇ! ಸಾಲು ಸಾಲು ಕುರ್ಚಿ! ಬೆನ್ನಿಗೆ ಆಸರೆ ಬೇರೆ! ಕೂತ್ಕೊಂಡೆ ನೋಡು, ನನ್ನ ಸೊಂಟ ನನಗೇ ವಾಪಸ್ ಬಂತು."

"ಭಾಷಣ ಏನಂತೆ?" ಎಂದಳು ಪುಟ್ಟಿ. ಮನೆಯಲ್ಲಿ ಅವಳಿಗೆ ಬಾಯಿ ಬರುತ್ತಿತ್ತು.

"ಯಾರಿಗ್ಗೊತ್ತು! ರಸ್ತೆ ಅಂದ, ನೀರು ಅಂದ, ಅವರಮ್ಮನ ಕಥೆ ಹೇಳಿದ. ನಾನು ಮಾತ್ರ, ಈ ಪುಣ್ಯಾತ್ಮನ ಗಂಟಲು ಕಟ್ಟದೇ ಇರ್ಲಪ್ಪಾ ಅಂತ ಬೇಡ್ಕೋತಿದ್ದೆ. ಆ ಮುಂಡೇಗಂಡ ಇದ್ದಕ್ಕಿದ್ದಂಗೆ, 'ಇಲ್ಲಿಗೆ ನನ್ನ ಮಾತು ಮುಗಿಸ್ತೀನಿ' ಅಂದ್ಬಿಟ್ಟ. ಎದೆ ಧಸಕ್ಕಂತು. ಮುಗಿದ್ರೆ ಏಳ್ಬೇಕಲ್ಲ!"

ಅಮ್ಮ ಆಗಲೇ ನಗುತ್ತಾ ಬಕೆಟ್ಟಿನ ನೀರು ಚೆಲ್ಲುತ್ತಿದ್ದಳು. "ನಿನ್ನ ಚಿಕ್ಕಮ್ಮ ಏನು ಮಾಡಿದ್ಲು ಗೊತ್ತಾ? ಎರಡೂ ಕೈ ಎತ್ತಿ, 'ಇನ್ನೂ ಮಾತಾಡಿ! ಇನ್ನೂ ಮಾತಾಡಿ!' ಅಂತ ಕೂಗಿದ್ಲು. ನಮ್ಮ ಸಾಲು ಪೂರ್ತಿ ಕೂಗ್ತು."

"ನೀನೂ ಕೂಗಿದೆ ತಾನೇ ಅಕ್ಕ?"

"ಕೂಗ್ದೆ. ಕಾಲು ಚಾಚಿಕೊಂಡು ಕೂಗ್ದೆ."

ನಾಯಕನಿಗೆ ಕಣ್ಣೀರು ಬಂತಂತೆ. ಇಂಥ ಅಭಿಮಾನ ತಾನು ಕಂಡೇ ಇಲ್ಲ ಎಂದನಂತೆ. ಮತ್ತೆ ರಸ್ತೆಯಿಂದ ಶುರು ಮಾಡಿ ನೀರಿನ ಮೇಲೆ ಹಾದು ತನ್ನಮ್ಮನ ಕಥೆಗೆ ಬಂದನಂತೆ. ಮಾರನೆಯ ದಿನ ಪೇಪರಿನಲ್ಲಿ ಚಿಕ್ಕಮ್ಮನ ಫೋಟೋ. ಕಣ್ಣರಳಿಸಿ, ಬಾಯಗಲಿಸಿ, ಎರಡೂ ಕೈ ಮೇಲೆತ್ತಿ. ಪಕ್ಕದಲ್ಲಿ ಅಮ್ಮ, ಲೋಕದ ಚಿಂತೆಯೆಲ್ಲ ಇಳಿಸಿಟ್ಟವಳ ಹಾಗೆ ನಗುತ್ತಾ. ಛತ್ರಿ ಸಭೆಯಲ್ಲೂ ಇದೇ ಆಯಿತು. ಅವರ ಕುರ್ಚಿಗೆ ಮೆತ್ತೆಯೂ ಇತ್ತು, ಆದ್ದರಿಂದ ಕೂಗು ಇನ್ನೂ ಜೋರಾಗಿತ್ತು. ಪೇಪರಿನಲ್ಲಿ ಮತ್ತೊಂದು ಫೋಟೋ ಬಂತು.

ಈ ಎರಡು ಫೋಟೋಗಳೇ ಒಂದು ಬೆಳಗ್ಗೆ ಮೂಲೆ ಮೇಜಿನ ಮೇಲೆ ಬಂದು ಬಿದ್ದವು.

"ಮೂಲೆ ಮೇಡಂ, ಇದು ಕಂಪನಿಯವರು ಕಳಿಸಿದ್ದು," ಎಂದರು ತಕ್ಕಡಿ ಸಾಹೇಬರು. "ಅಲ್ಲಿ ಕೆಲವು ಹೆಂಗಸರು ಸ್ಟೂಲು ಗೀಲು ಅಂತ ಗಲಾಟೆ ಎಬ್ಬಿಸಿದ್ದಾರಂತೆ. ಅದರ ಹಿಂದೆ ಯಾವ ಪಕ್ಷ ಇದೆ ಅಂತ ನಮ್ಮ ವರದೀಲಿ ಬರಬೇಕು. ಮುಖ ನೋಡಿ, ಅಭಿಮಾನ ಎಷ್ಟಿದೆ ಅಂತ ಅಂಕ ಹಾಕಿ."

ಅವಳು ಫೋಟೋ ನೋಡಿದಳು. ಚಿಕ್ಕಮ್ಮ ಅವಳನ್ನು ನೋಡಿದಳು. ಪುಟ್ಟಿ ಈಗ ಸರ್, ಎಂದು ಶುರು ಮಾಡಬೇಕು. ಸರ್ ಎನ್ನುವುದೂ ಬರಲಿಲ್ಲ. ಅಷ್ಟರಲ್ಲಿ ಬಣ್ಣ ಹೆಗಲ ಮೇಲಿಂದ ಬಗ್ಗಿ ನೋಡಿ, "ಅಬ್ಬಾ! ಇದು ಅಭಿಮಾನ ಅಲ್ಲ ಸರ್, ಭಕ್ತಿ! ಈ ಕಣ್ಣು ನೋಡಿ! ಮದುವೆ ಮಂಟಪದಲ್ಲೂ ಯಾರೂ ಹಿಂಗೆ ನಗಲ್ಲ. ಪೂರ್ತಿ ಅಂಕ ಹಾಕಿ," ಎಂದು ತಾನೇ ಹಾಕಿಬಿಟ್ಟ.

ಆಮೇಲೆ ಎರಡನೆಯ ಫೋಟೋ ತಿರುವಿದ. ಅದೇ ಹೆಂಗಸು. ಅದೇ ಭಕ್ತಿ. ಬಾವುಟ ಬೇರೆ.

ಬಣ್ಣ ಕುಸಿದು ಕೂತ. ಸಾಹೇಬರು ಕಿಟಕಿಯ ಬಳಿ ಹೋಗಿ ಬಹಳ ಹೊತ್ತು ನಿಂತರು. ಚಹಾ ತರಿಸಿದರು. ಕುಡಿದರು. ಕೊನೆಗೆ ತಿರುಗಿದಾಗ ಅವರ ಮುಖ ಬೆಳಗುತ್ತಿತ್ತು.

"ಬರ್ಕೊಳ್ಳಿ. ಕಂಪನಿ ಎರಡೂ ಪಕ್ಷಕ್ಕೆ ಸಮವಾಗಿ ಸಹಾಯ ಮಾಡಿದೆ. ಆದ್ದರಿಂದ ಕಂಪನಿ ನಿಷ್ಪಕ್ಷಪಾತ. ಸಮತೋಲನ! ಈ ಹೆಂಗಸರು ಎರಡೂ ಪಕ್ಷದ ಸಭೆಗೆ ಹೋಗಿ ಕುಣಿದಿದ್ದಾರೆ. ಆದ್ದರಿಂದ ಇವರು ಎರಡೂ ಪಕ್ಷದವರು. ಅಂದ್ರೆ ರಾಜಕೀಯ ಡಬಲ್. ಒಂದು ಪಕ್ಷದವರಿಗಿಂತ ಅಪಾಯ ಜಾಸ್ತಿ."

ಪುಟ್ಟಿ ಬರೆದುಕೊಂಡಳು. ಕೈ ಬರೆಯಿತು. ಬರೆಯುವುದೇ ಅದರ ಅಭ್ಯಾಸ.

ಸಂಜೆ ಮನೆಗೆ ಬಂದಾಗ ಬಕೆಟ್ಟು ಒಣಗಿತ್ತು. ಚಿಕ್ಕಮ್ಮ ನೆಲದ ಮೇಲೆ ಗೋಡೆಗೊರಗಿ ಕೂತಿದ್ದಳು. ಬೆಳಗ್ಗೆ ಗೇಟಿನಲ್ಲೇ ಅವಳನ್ನು ತಡೆದಿದ್ದರು. ಎಲ್ಲರೂ ಒಳಗೆ ಹೋಗುವ ತನಕ ಬಿಸಿಲಲ್ಲಿ ನಿಲ್ಲಿಸಿದ್ದರು. ಕಾವಲಿನವನು ಅವಳ ಊಟದ ಡಬ್ಬಿ ಬಿಚ್ಚಿಸಿ, ಒಳಗೆ ಕರಪತ್ರ ಇದೆಯೇ ಎಂದು ಬೆರಳಾಡಿಸಿ ನೋಡಿದ್ದ. ಆಮೇಲೆ ಶಿಳ್ಳೆ ಬಂದು, "ನಿಮ್ಮ ಫೋಟೋ ಸಿಕ್ಕಿದೆ. ಹೊರಗಿನ ದೊಡ್ಡ ದೊಡ್ಡ ಓದಿದೋರು ತನಿಖೆ ಮಾಡ್ತಿದ್ದಾರೆ. ವರದಿ ಬರಲಿ, ಆಮೇಲೆ ನೀವು, ನಿಮ್ಮಕ್ಕ, ಆ ಸಾಲಿನೋರೆಲ್ಲ ಮನೇಲೇ ಕೂರಬಹುದು. ಕೂರೋಕೇ ತಾನೇ ಕೇಳಿದ್ದು?" ಎಂದಿದ್ದ.

"ಬಸ್ಸಿಗೆ ಹತ್ತಿಸಿದೋರು ಅವರೇ, ಬಾವುಟ ಕೊಟ್ಟೋರು ಅವರೇ," ಎಂದಳು ಅಮ್ಮ. "ತೊಟ್ಟಿಲು ತೂಗೋರೂ ಅವರೇ, ಮಗು ಚಿವುಟೋರೂ ಅವರೇ."

"ನನ್ನ ಅನ್ನದೊಳಗೆ ಬೆರಳಿಟ್ಟ ಅಕ್ಕ," ಎಂದಳು ಚಿಕ್ಕಮ್ಮ. ಬೇರೆ ಯಾವ ದಿನವೂ ಅವಳ ದನಿ ಅಷ್ಟು ಸಣ್ಣದಾಗಿದ್ದು ಪುಟ್ಟಿ ಕೇಳಿರಲಿಲ್ಲ. "ಎಸೆಯೋಕೂ ಮನಸ್ಸು ಬರಲಿಲ್ಲ. ಅಲ್ಲೇ ನಿಂತ್ಕೊಂಡು ತಿಂದೆ."

ಅಮ್ಮ ಮಗಳ ಕಡೆ ತಿರುಗಿದಳು. "ಪುಟ್ಟೀ, ನೀನು ಓದಿದೋಳು. ಆ ತನಿಖೆಯೋರು ಯಾರು ಅಂತ ಏನಾದ್ರೂ ಗೊತ್ತಾಗತ್ತಾ?"

ಪುಟ್ಟಿ ತಲೆಯಾಡಿಸಿದಳು. ಈ ಸಲ ಅವಳಿಗೆ ಚೆನ್ನಾಗಿ ತಿಳಿದಿತ್ತು, ಆಡಿಸಿದ್ದು ಇಲ್ಲವೆಂದು.

ಒಳಗೆ ಹೋಗಿ ಡೈರಿ ತೆಗೆದು ಪುಟಗಟ್ಟಲೆ ಬರೆದಳು. ತಕ್ಕಡಿಗೆ ಬೈದಳು, ಬಣ್ಣನಿಗೆ ಬೈದಳು, ಶಿಳ್ಳೆಯನ್ನು ಅದೇ ಶಿಳ್ಳೆಯ ದಾರದಲ್ಲಿ ತೂಗುಹಾಕಿದಳು. ಒಳ್ಳೆಯ ಭಾಷೆ, ಗಟ್ಟಿ ವಾಕ್ಯ. ಒಂದು ಕಡೆಯಂತೂ ಅವಳಿಗೇ ಕಣ್ಣೀರು ಬಂತು. ಬರೆದು ಮುಗಿಸಿ ಮುಚ್ಚಿದಳು. ಆಚೆ ಕೋಣೆಯಲ್ಲಿ ಚಿಕ್ಕಮ್ಮ ಇನ್ನೂ ಗೋಡೆಗೊರಗಿಯೇ ಇದ್ದಳು. ಒಂದು ಇರುವೆಯೂ ತನ್ನ ದಾರಿ ಬದಲಿಸಿರಲಿಲ್ಲ.

ಮಾರನೆಯ ದಿನ ಕಂಪನಿಯಿಂದ ಒಬ್ಬ ಮೇಡಂ ಬಂದರು. ಮೃದು ಮಾತಿನ, ನಗುಮುಖದ ಹೆಂಗಸು. ಎಲ್ಲರಿಗೂ ಒಂದೊಂದು ನಿಂಬೆ ಸೋಪಿನ ಡಬ್ಬಿ ಹಂಚಿದರು. "ಕಾರಲ್ಲಿ ಕೂತೂ ಕೂತೂ ನನ್ನ ಬೆನ್ನೇ ಹೋಯ್ತು ನೋಡಿ," ಎಂದು ನರಳುತ್ತಾ ಸಭೆಯ ಕೋಣೆಯ ತಿರುಗುವ ಕುರ್ಚಿಗೆ ಇಳಿದರು. ಬಣ್ಣ ಓಡಿ ಹೋಗಿ ಅವರ ಬೆನ್ನಿಗೆ ಒಂದು ದಿಂಬು ತಂದ. ಸಾಹೇಬರು ಇನ್ನೊಂದು ತಂದರು. ಎರಡು ದಿಂಬಿನ ನಡುವೆ ಮೇಡಂ ಸಮತೋಲನದಲ್ಲಿ ಕೂತರು. ಉಳಿದವರು ಕೂರುವಷ್ಟರಲ್ಲಿ ಕುರ್ಚಿಗಳು ಮುಗಿದವು. ಪುಟ್ಟಿ ಪರದೆಯ ಪಕ್ಕದಲ್ಲಿ, ಗೋಡೆಗೆ ಬೆನ್ನು ಹಚ್ಚಿ ನಿಂತಳು. ಚಿತ್ರ ಬದಲಿಸುವ ಬಟನ್ನು ಅವಳ ಕೈಯಲ್ಲಿತ್ತು.

ಮೊದಲು ಸೋಪು ಬಂತು, ಪುಡಿ ಬಂತು. ಹಸಿರು ಪೇಸ್ಟಿನ ಮೈತ್ರಿ ಬಂತು. ಮೇಡಂ ಬೆರಗಾಗಿ ಬಣ್ಣನನ್ನು ಹೊಗಳಿದರು. ಕಂಪನಿಯ ಒಲವು ತೋರಿಸುವ ಮಾಪಕದ ಚಿತ್ರ ಬಂತು. ಅದರ ಮುಳ್ಳು ಛತ್ರಿಗೂ ಬಾಚಣಿಗೆಗೂ ನಟ್ಟನಡುವೆ, ಕೂದಲೆಳೆಯಷ್ಟೂ ಅಲುಗದೆ ನಿಂತಿತ್ತು. ಚಪ್ಪಾಳೆ ಬಿತ್ತು.

ಆಮೇಲೆ ಪರದೆಯ ಮೇಲೆ ಗೋಡೆ ತುಂಬ ಚಿಕ್ಕಮ್ಮ ಬಂದಳು.

"ಅಯ್ಯೋ, ಇವಳೇನಾ!" ಎಂದರು ಮೇಡಂ. "ಎಂಥಾ ಆವೇಶ ನೋಡಿ. ಇಂಥವರನ್ನ ಒಳಗಿಟ್ಕೊಂಡ್ರೆ ಫ್ಯಾಕ್ಟರಿ ಉಳಿಯತ್ತಾ? ನಿಮ್ಮ ವರದಿ ಕೈಗೆ ಬಂದ ತಕ್ಷಣ ಆ ಸಾಲನ್ನೇ ಖಾಲಿ ಮಾಡಿಸ್ತೀವಿ. ಕೊನೇ ಭಾಗ ಒಂದ್ಸಲ ಓದಿಬಿಡಿ, ಕೇಳೋಣ."

ಸಾಹೇಬರು ಜೇಬು ತಡಕಿದರು. ಕನ್ನಡಕ ಅವರ ಕೋಣೆಯ ಮೇಜಿನಲ್ಲೇ ಉಳಿದಿತ್ತು. "ಮೂಲೆ ಮೇಡಂ, ನೀವೇ ಓದಿ. ನೀವೇ ತಾನೇ ಬರೆದಿದ್ದು."

ಪುಟ್ಟಿ ಹಾಳೆ ಎತ್ತಿದಳು. "ಕಂಪನಿಯು ಯಾವುದೇ..." ದನಿ ಕೀರಲಾಗಿ ಹೊರಟು ಅಲ್ಲೇ ಸತ್ತಿತು.

"ಗಟ್ಟಿಯಾಗಿ ಓದಮ್ಮ," ಎಂದರು ಮೇಡಂ ಪ್ರೀತಿಯಿಂದ.

"ಕಂಪನಿಯು ಯಾವುದೇ ಪಕ್ಷದ ಕಡೆ ಒಲವಿಲ್ಲದೆ, ಸಂಪೂರ್ಣ ನಿಷ್ಪಕ್ಷಪಾತವಾಗಿದೆ. ಆದರೆ ಈ ಮಹಿಳೆಯರು..."

ಮುಂದಿನ ಅಕ್ಷರಗಳು ಎದುರಿಗೇ ಇದ್ದವು. ಅವಳದೇ ದುಂಡು ಅಕ್ಷರ. ಎಲ್ಲರೂ ಕೂತಿದ್ದರು. ಗೋಡೆಯ ಮೇಲೆ ಅಮ್ಮನೂ ಚಿಕ್ಕಮ್ಮನೂ ಕೂತಿದ್ದರು. ಹಾಳೆಯನ್ನು ಮಡಚಿದಳು. ಮತ್ತೊಮ್ಮೆ ಮಡಚಿದಳು.

"ನಾನು ಓದಲ್ಲ ಸರ್."

ಮೂಲೆಗೆ ಬಾಯಿ ಬಂದದ್ದು ಕೇಳಿ ಬಣ್ಣ ಸೋಪಿನ ಡಬ್ಬಿ ಕೆಳಗೆ ಬೀಳಿಸಿದ.

"ಯಾಕೆ? ಅಕ್ಷರ ಸಣ್ಣದಾಯ್ತಾ?" ಎಂದರು ಸಾಹೇಬರು.

"ನೀರು ಬೇಕೇನೋ ಪಾಪ," ಎಂದರು ಮೇಡಂ.

"ಬೇಡ," ಎಂದಳು. ದನಿ ಕೋಣೆಯ ಆ ತುದಿಗೂ ಕೇಳುತ್ತಿತ್ತು. "ಅವಳು ನಮ್ಮ ಚಿಕ್ಕಮ್ಮ. ಪಕ್ಕದಲ್ಲಿರೋಳು ನಮ್ಮಮ್ಮ. ಅವರು ನಗ್ತಿರೋದು ಆ ನಾಯಕನ್ನ ನೋಡಿ ಅಲ್ಲ ಮೇಡಂ. ಕೆಲಸದ ದಿನ ಕೂತ್ಕೊಳ್ಳೋಕೆ ಸಿಕ್ತಲ್ಲಾ, ಅದಕ್ಕೆ."